ನಿಂಬೆರಸಕ್ಕೆ ನೊರೆ ಬಿಡುವ ಹೊಳೆಕಲ್ಲು ಪವಾಡವೇ?

ಹೊಳೆಯಲ್ಲಿ ಹೆಕ್ಕಿದ ಬೂದು ಕಲ್ಲಿನ ಮೇಲೆ ನಿಂಬೆರಸ ಹಿಂಡುತ್ತಾರೆ. ಸಣ್ಣಗೆ ಚುರುಚುರು ಸದ್ದು, ಗುಳ್ಳೆಗಳು. ಇಂಥ ವಿಡಿಯೊ ‘ಜೀವಂತ ಕಲ್ಲು’, ‘ವಿಷ ಹೀರುವ ಕಲ್ಲು’ ಎಂಬ ಹೆಸರಿನಲ್ಲಿ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ತಾಳಿ. ಅದು ಬಹುತೇಕ ಸುಣ್ಣಕಲ್ಲು. ಮನೆಯ ನೆಲಕ್ಕೆ ಶಹಾಬಾದ್ ಫರ್ಸಿ ಹಾಸಿದ್ದರೆ ದಿನವೂ ಅದರ ಮೇಲೆಯೇ ಓಡಾಡುತ್ತಿದ್ದೀರಿ.

ಕಲಬುರಗಿ ಜಿಲ್ಲೆಯ ಶಹಾಬಾದ್ ಇರುವುದು ಭೀಮೆಯ ಉಪನದಿ ಕಾಗಿಣಾ ಸೀಮೆಯಲ್ಲಿ. ಡೈನೋಸಾರ್‌ಗಳು ಹುಟ್ಟುವುದಕ್ಕೂ ಕೋಟ್ಯಂತರ ವರ್ಷ ಮೊದಲು ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ನೀರಿನಲ್ಲಿದ್ದ ಸುಣ್ಣದ ಅಂಶ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ತಳಕ್ಕೆ ಕೂತು, ಪದರದ ಮೇಲೆ ಪದರ ಬಿದ್ದು, ಒತ್ತಡಕ್ಕೆ ಕಲ್ಲಾಯಿತು. ಅದಕ್ಕೇ ಇದು ಹಲಗೆ ಹಲಗೆಯಾಗಿ ಏಳುತ್ತದೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಕಲ್ಲಿಗಾಗಿ.

ನೊರೆಯಲ್ಲಿ ಗುಟ್ಟೇನಿಲ್ಲ. ಆಮ್ಲ ತಾಗಿದೊಡನೆ ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಸೋಡಾ ಬಾಟಲಿಯಲ್ಲಿರುವುದೂ ಅದೇ ಅನಿಲ. ನಿಂಬೆರಸದ ಆಮ್ಲ ಸೌಮ್ಯ. ಕಲ್ಲನ್ನು ಕೆರೆದು ಆ ಪುಡಿಯ ಮೇಲೆ ಹಾಕಿದರೆ ಗುಳ್ಳೆ ಚೆನ್ನಾಗಿ ಕಾಣುತ್ತವೆ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಖಂಡಿತ ಬೇಡ. ಚರ್ಮ, ಕಣ್ಣು ಸುಡುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಇನ್ನೊಂದು ಪರೀಕ್ಷೆ ಚಾಕುವಿನದು. ಸುಣ್ಣಕಲ್ಲಿನ ಮೇಲೆ ಸ್ಟೀಲ್ ಚಾಕುವಿನಿಂದ ಗೀರು ಬೀಳುತ್ತದೆ, ಉಗುರಿನಿಂದ ಬೀಳುವುದಿಲ್ಲ. ಬಿಳಿ ಬೆಣಚುಕಲ್ಲು ಚಾಕುವಿಗೆ ಜಗ್ಗದು, ತಾನೇ ಗಾಜನ್ನು ಗೀರುತ್ತದೆ. ಇಷ್ಟಾದರೂ ಮೋಸ ಹೋಗಬಹುದು: ಹೊಳೆಯಲ್ಲಿ ಉರುಳಿ ನುಣುಪಾದ ಹಳೆಯ ಕಾಂಕ್ರೀಟ್ ತುಂಡೂ ನೊರೆ ಬಿಡುತ್ತದೆ!

ಪವಾಡದ ಮಾತಿಗಿಂತ ನನಗೆ ಹೆಚ್ಚು ಅಪಾಯ ಅನ್ನಿಸುವುದು ಇನ್ನೊಂದು ನಂಬಿಕೆ. ಸುಣ್ಣಕಲ್ಲಿನ ಊರಿನ ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅನ್ನುತ್ತಾರೆ. ಪಾತ್ರೆಯ ತಳದ ಬಿಳಿ ಪೊರೆ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್, ಪಾತ್ರೆಯಲ್ಲಿ ಕಟ್ಟುವ ಕಾರ್ಬೋನೇಟ್ ಅಲ್ಲ. ಅವು ಬೆಳೆಯಲು ಮುಖ್ಯ ಕಾರಣಗಳಲ್ಲೊಂದು ನೀರು ಕಡಿಮೆ ಕುಡಿದು ಮೂತ್ರ ಗಟ್ಟಿಯಾಗುವುದು. ಕಲಬುರಗಿಯ ಬಿಸಿಲಿನಲ್ಲಿ ಗಡಸು ನೀರಿಗೆ ಹೆದರಿ ಎರಡೇ ಲೋಟಕ್ಕೆ ನಿಲ್ಲಿಸಿದವರಿಗೇ ಕಲ್ಲಿನ ಭಯ ಹೆಚ್ಚು.