ಪೆಟ್ಟು ಯಾರದು?

“ಕೇಳೋರಿಗೆ ಗೊತ್ತಾಗಲ್ಲ ಬಿಡಿ ಸಾರ್.” ಇಂದಿರಾನಗರದ ಸ್ಟುಡಿಯೋ ಒಂದರಲ್ಲಿ ಮಿಕ್ಸಿಂಗ್‌ಗೆ ಕೂತಿದ್ದ ಹುಡುಗ ಹೇಳಿದ ಮಾತು. ಡ್ರಮ್ಮರ್ ನುಡಿಸಿಹೋದ ಸ್ನೇರ್ ಪೆಟ್ಟುಗಳನ್ನೆಲ್ಲ ತೆಗೆದು, ಆ ಜಾಗಕ್ಕೆ ಲೈಬ್ರರಿಯ ಸ್ಯಾಂಪಲ್ ಕೂರಿಸುತ್ತಿದ್ದ. ಗೊತ್ತಾಗುತ್ತದೆ ಎಂಬುದು ನನ್ನ ವಾದ. ಏನು ಹೋಯಿತೆಂದು ಹೇಳಲು ಕೇಳುಗನಿಗೆ ಬಾರದಿರಬಹುದು. ಹಾಡು ಮತ್ತೆ ಕೇಳಬೇಕೆನಿಸದಿರುವುದು ಮಾತ್ರ ಅವನ ಅನುಭವಕ್ಕೆ ಬರುತ್ತದೆ.

ಕೆಲಸ ನಡೆಯುವ ಬಗೆ ನೋಡಿ. ತಂತ್ರಾಂಶ ಸ್ನೇರ್ ಮೈಕಿನ ಟ್ರ್ಯಾಕನ್ನು ಓದುತ್ತ, ಸದ್ದು ಇಂತಿಷ್ಟು ಮಟ್ಟ ಮೀರಿದ ಕಡೆಯೆಲ್ಲ ಪೆಟ್ಟೆಂದು ಗುರುತು ಹಾಕಿ ಅಲ್ಲಿ ಸಿದ್ಧ ಸದ್ದನ್ನು ಇಡುತ್ತದೆ. ಆ ಮಟ್ಟವನ್ನು ತಗ್ಗಿಸಿದರೆ ಪಕ್ಕದ ಹೈ-ಹ್ಯಾಟಿನ ಸದ್ದೂ ಸ್ನೇರ್ ಆಗಿಬಿಡುತ್ತದೆ. ಏರಿಸಿದರೆ, ಎರಡು ದೊಡ್ಡ ಪೆಟ್ಟುಗಳ ನಡುವೆ ಡ್ರಮ್ಮರ್ ಕೋಲಿನ ತುದಿಯಿಂದ ಸವರಿಹೋದ ಸಣ್ಣ ಪೆಟ್ಟುಗಳು ಲೆಕ್ಕಕ್ಕೇ ಸಿಗುವುದಿಲ್ಲ. ಅವಸರದಲ್ಲಿದ್ದವರು ಏರಿಸುತ್ತಾರೆ. ಹಾಡಿಗೆ ನಡಿಗೆ ಕೊಡುತ್ತಿದ್ದದ್ದೇ ಆ ಸಣ್ಣ ಪೆಟ್ಟುಗಳು. ಯಾವುದನ್ನು ಒತ್ತಬೇಕು, ಯಾವುದನ್ನು ನುಂಗಬೇಕು ಎಂದು ನುಡಿಸುವವನು ಆ ಗಳಿಗೆಯಲ್ಲಿ ಮಾಡಿದ ತೀರ್ಮಾನ ಸದ್ದಿನ ಜೊತೆಗೇ ಅಳಿಸಿಹೋಗುತ್ತದೆ.

ಹೊರದೇಶದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂಬುದಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಬಡತನದ ವಾದ ಬೇರೆ, ಅದಕ್ಕೆ ತೂಕವಿದೆ. ನಮ್ಮ ಬಹುತೇಕ ಸ್ಟುಡಿಯೋಗಳು ಮನೆಯ ಒಂದು ಕೋಣೆ. ತಗ್ಗು ತಾರಸಿಯ ಕೆಳಗೆ ಡ್ರಮ್ಸ್ ಡಬ್ಬದ ಸದ್ದು ಕೊಡುತ್ತದೆ, ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ, ಏಳೆಂಟು ಒಳ್ಳೆಯ ಮೈಕು ಕೊಳ್ಳುವ ಹೊತ್ತಿಗೆ ಹುಡುಗರ ವರ್ಷದ ಉಳಿತಾಯ ಮುಗಿದಿರುತ್ತದೆ. ಕೆ.ಆರ್. ಪುರದ ಬಾಡಿಗೆ ಮನೆಯಲ್ಲಿ ಕೂತು ಹಾಡು ಮಾಡುವ ತಂಡಕ್ಕೆ ದೊಡ್ಡ ಹಾಲಿನ ಕಿಕ್ ಸದ್ದು ಕೈಗೆಟುಕುವುದು ಸ್ಯಾಂಪಲ್ಲಿನಿಂದಲೇ. ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳಲಾರೆ. 1991ರ ‘ನೆವರ್‌ಮೈಂಡ್’ ಆಲ್ಬಮ್ಮನ್ನು ಮಿಕ್ಸ್ ಮಾಡಿದ ಆಂಡಿ ವ್ಯಾಲೇಸ್ ಕೂಡ ಸ್ಯಾಂಪಲ್ ಬಳಸಿದರು. ಆದರೆ ಡ್ರಮ್ಮರ್ ಡೇವ್ ಗ್ರೋಲ್ ಅವರ ಪೆಟ್ಟನ್ನು ಉಳಿಸಿಕೊಂಡು, ಅದರ ಅನುರಣನಕ್ಕೆ ಒತ್ತಾಸೆಯಾಗಿ ಬಳಸಿದರು. ಒತ್ತಾಸೆ ಕೊಡುವುದಕ್ಕೂ ಜಾಗ ಖಾಲಿ ಮಾಡಿಸುವುದಕ್ಕೂ ಇರುವ ಅಂತರವೇ ನನಗೆ ಮುಖ್ಯ.

ಯಂತ್ರದ ತಾಳದ ಮೇಲೆ ನನಗೆ ಹಗೆಯಿಲ್ಲ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ ಕಟ್ಟಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ, ತಬಲಾ ಪೆಟ್ಟಿಗೆಗಳು ಎಷ್ಟೋ ಮನೆಗಳಲ್ಲಿ ಸಾಧನೆಗೆ ಜೊತೆಯಾಗಿವೆ. ಪೆಟ್ಟಿಗೆ ಪೆಟ್ಟಿಗೆಯೆಂದೇ ಎದುರಿಗೆ ಕೂತಿರುತ್ತದೆ. ಇನ್ನೊಬ್ಬರ ಹೆಸರಿನ ಹಿಂದೆ ಅಡಗಿಕೊಂಡಿರುವುದಿಲ್ಲ.

ನನಗೆ ಸಿಟ್ಟು ಬರುವುದು ತಮಟೆಯ ವಿಷಯದಲ್ಲಿ. ಹಲಸೂರಿನ ಪಲ್ಲಕ್ಕಿ ಉತ್ಸವದಲ್ಲೋ ಶಿವಾಜಿನಗರದ ಗಲ್ಲಿಯ ಅಮ್ಮನ ಜಾತ್ರೆಯಲ್ಲೋ ತಮಟೆಯವರನ್ನು ಹತ್ತಿರದಿಂದ ನೋಡಿ. ಮೊದಲು ರಸ್ತೆ ಬದಿ ಕಾಗದ, ಹುಲ್ಲು ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡಿ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಚರ್ಮ ಬಿಗಿದು ಸದ್ದು ಟಣ್ಣೆನ್ನುತ್ತದೆ, ಇಬ್ಬನಿ ಬಿದ್ದಂತೆ ಸಡಿಲಾಗಿ ಕೆಳಗಿಳಿಯುತ್ತದೆ, ಮತ್ತೆ ಕಾಯಿಸುತ್ತಾರೆ. ಒಂದು ರಾತ್ರಿಯೊಳಗೆ ಒಂದೇ ತಮಟೆಗೆ ಎಷ್ಟು ದನಿ! ಸ್ಯಾಂಪಲ್ ಪ್ಯಾಕಿನ ತಮಟೆ ಯಾವತ್ತೂ ಈಗಷ್ಟೇ ಕಾಯಿಸಿದ್ದು.

ಸಿನಿಮಾದ ಜಾತ್ರೆ ಹಾಡಿಗೆ ಅದೇ ಪೆಟ್ಟನ್ನು ಒಂದರ ಮೇಲೊಂದು ಪೇರಿಸಿ ದೊಡ್ಡ ಮೇಳ ತಂದೆವೆನ್ನುತ್ತಾರೆ. ಶಬ್ದಶಾಸ್ತ್ರವೇ ಅದನ್ನು ಒಪ್ಪುವುದಿಲ್ಲ. ಒಂದೇ ದಾಖಲೆಯ ಎರಡು ಪ್ರತಿ ಕೂಡಿಸಿದರೆ ಸದ್ದು 6 ಡೆಸಿಬಲ್ ಏರುತ್ತದೆ, ಅಷ್ಟೇ. ಆಗಲೂ ಕೇಳುವುದು ಒಬ್ಬನೇ ಮನುಷ್ಯ. ಇಬ್ಬರು ಬೇರೆ ಬೇರೆಯಾಗಿ ಬಾರಿಸಿದಾಗ ಏರಿಕೆ ಸುಮಾರು 3 ಡೆಸಿಬಲ್, ಆದರೆ ಕಿವಿಗೆ ಇಬ್ಬರಿದ್ದಾರೆಂದು ತಿಳಿಯುತ್ತದೆ. ಒಬ್ಬ ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬ ಹಿಂದೆ. ಆ ಎಳೆಯಲ್ಲೇ ಜಾತ್ರೆಯ ಜನ ಇರುವುದು.

ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ಚಿಕ್ಕಬಳ್ಳಾಪುರ ಜಿಲ್ಲೆ ನಮ್ಮ ಸ್ಟುಡಿಯೋಗಳಿಂದ ಬೆಳಗಿನ ಪ್ರಯಾಣದ ದೂರ. ಆ ಸೀಮೆಯ ಹತ್ತು ಜನರನ್ನು ಕರೆಸುವುದಕ್ಕೆ ಹಣವಿಲ್ಲ ಎಂದು ಕೋಟಿಗಟ್ಟಲೆ ಬಜೆಟ್ಟಿನ ಚಿತ್ರ ಹೇಳಿದರೆ ನಾನು ನಂಬುವುದಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿ ವಾದಕರಿಗೂ ರಾಯಧನದ ಹಕ್ಕು ಕೊಟ್ಟಿದೆ. ಒಂದೊಂದೇ ಪೆಟ್ಟಾಗಿ ಕತ್ತರಿಸಿ, ಒಮ್ಮೆ ಕೊಂಡರೆ ಮುಗಿಯಿತು ಎಂದು ಮಾರುವ ಪ್ಯಾಕಿನಲ್ಲಿ ಆ ವಾದಕನನ್ನು ಹುಡುಕುವುದೆಲ್ಲಿ?

ಸಣ್ಣ ಸ್ಟುಡಿಯೋದವರೂ ಮಾಡಬಹುದಾದದ್ದು ಒಂದಿದೆ, ಬಲ್ಲವರು ಮಾಡುತ್ತಲೂ ಇದ್ದಾರೆ. ರೆಕಾರ್ಡಿಂಗ್ ಮುಗಿದ ಮೇಲೆ, ಮೈಕು ಕದಲಿಸುವ ಮುನ್ನ, ಅದೇ ಡ್ರಮ್ಮರ್ ಕೈಯಲ್ಲಿ ಮೆಲ್ಲಗೆ, ನಡುಮಟ್ಟ, ಜೋರು ಎಂದು ಬಿಡಿ ಪೆಟ್ಟುಗಳನ್ನು ಹಿಡಿದಿಟ್ಟುಕೊಳ್ಳುವುದು. ಮೈಕಿಗೆ ಸರಿಯಾಗಿ ಸಿಗದ ಕಡೆ ಅವನದೇ ಪೆಟ್ಟಿನಿಂದ ತೇಪೆ ಹಾಕಬಹುದು. ಸಣ್ಣ ಪೆಟ್ಟುಗಳನ್ನು ಮುಟ್ಟದೆ ಹಾಗೇ ಬಿಡಬಹುದು. ಲೈಬ್ರರಿಯ ಸದ್ದು ಬೇಕೇಬೇಕೆನಿಸಿದರೆ ಡ್ರಮ್ಮರ್‌ಗೆ ಫೋನ್ ಮಾಡಿ ಕೇಳಿಸಿ ಒಪ್ಪಿಗೆ ಪಡೆಯಬೇಕು; ಹಾಡಿನ ಜೊತೆ ಅಚ್ಚಾಗುವುದು ಅವನ ಹೆಸರು.