ಎಸ್ಟಿಮೇಟರ್ ಆಗಲು ಕನ್ನಡ ಶಾಲೆಯ ಗಣಿತ ಸಾಕೇ?

ವಾರ್ಷಿಕ ಪರೀಕ್ಷೆ ಹತ್ತಿರವಾದಂತೆ ಗಡಿಭಾಗದ ಕನ್ನಡ ಮನೆಗಳಲ್ಲಿ ಒಂದೇ ಮಾತು ಏಳುತ್ತದೆ. ಮಗುವನ್ನು ಎಂಜಿನಿಯರಿಂಗ್ ಕಡೆಗೆ ಕಳಿಸಬೇಕೆಂದಿದ್ದೇವೆ, ಎಂಟನೆಯ ತರಗತಿಯಿಂದಾದರೂ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿಬಿಡೋಣವೇ? ಅಕ್ಕಲಕೋಟೆಯಲ್ಲೂ ಮಂಜೇಶ್ವರದಲ್ಲೂ ತಾಳವಾಡಿಯಲ್ಲೂ ಇದೇ ಪ್ರಶ್ನೆ. ಸಣ್ಣ ಶಾಲೆಯಿಂದ ಇಬ್ಬರು ಮೂವರು ಹೀಗೆ ಹೊರಟರೂ ಉಳಿದ ಮಕ್ಕಳ ತರಗತಿ ನಡೆಯುವುದು ಕಷ್ಟವಾಗುತ್ತದೆ. ಇಷ್ಟು ದೊಡ್ಡ ನಿರ್ಧಾರವನ್ನು ‘ಎಂಜಿನಿಯರಿಂಗ್ ಕಡೆಗೆ’ ಎಂಬ ಒಂದು ಸಡಿಲ ಮಾತಿನ ಮೇಲೆ ಮಾಡಬಾರದು. ಆ ಕಡೆಯ ಒಂದು ಉದ್ಯೋಗವನ್ನೇ ಹಿಡಿದು ನೋಡೋಣ. ಕಟ್ಟಡ ಗುತ್ತಿಗೆದಾರರ ಕಚೇರಿಗೆ ಕಿರಿಯ ಎಸ್ಟಿಮೇಟರ್ ಆಗಿ ಸೇರುವ ಹುಡುಗ ಅಥವಾ ಹುಡುಗಿಗೆ ಮೊದಲ ಎರಡು ವರ್ಷ ನಿಜವಾಗಿ ಏನೇನು ಬೇಕಾಗುತ್ತದೆ?

ಕಟ್ಟಡ ಏಳುವ ಮೊದಲೇ ಅದಕ್ಕೆ ಎಷ್ಟು ಸಿಮೆಂಟು, ಎಷ್ಟು ಕಂಬಿ, ಎಷ್ಟು ಇಟ್ಟಿಗೆ, ಎಷ್ಟು ಕೂಲಿ, ಒಟ್ಟು ಎಷ್ಟು ಹಣ ಎಂದು ಲೆಕ್ಕ ಹಾಕುವವರು ಎಸ್ಟಿಮೇಟರ್. ಈ ಲೆಕ್ಕ ಕಡಿಮೆಯಾದರೆ ಗುತ್ತಿಗೆ ಸಿಗುತ್ತದೆ, ಆದರೆ ಕೆಲಸ ಮುಗಿಯುವಾಗ ಕೈಯಿಂದ ಹಣ ಹೋಗಿರುತ್ತದೆ. ಹೆಚ್ಚಾದರೆ ಗುತ್ತಿಗೆಯೇ ಬೇರೆಯವರ ಪಾಲು. ಈ ಎರಡರ ನಡುವಿನ ಅಂಕಿಯನ್ನು ಹಿಡಿಯುವವರಿಗೆ ಸಂಬಳ ಕೊಡುತ್ತಾರೆ.

ಹೊಸಬರಿಗೆ ಮೊದಲು ಸಿಗುವುದು ನಕ್ಷೆಯಿಂದ ಅಳತೆ ಇಳಿಸುವ ಕೆಲಸ. ಪ್ರತಿ ಬಾಬಿಗೂ ಸಂಖ್ಯೆ, ಉದ್ದ, ಅಗಲ, ಎತ್ತರ, ಪರಿಮಾಣ ಎಂಬ ಅಂಕಣಗಳನ್ನು ತುಂಬಬೇಕು. ಪಾಯದ ಅಗೆತ, ಕಾಂಕ್ರೀಟು, ಗೋಡೆ, ಗಿಲಾವು, ನೆಲಹಾಸು, ಬಣ್ಣ ಎಂದು ದಿನವಿಡೀ ಇದೇ ಕೆಲಸ. ಹೆಚ್ಚಿನ ಹೊಸಬರಿಗೆ ಬೇಸರ ಬರುವುದು ಇಲ್ಲಿಯೇ. ಆದರೆ ಇದರಲ್ಲಿ ಬಳಕೆಯಾಗುವ ಗಣಿತ ಯಾವುದು? ಆಯತದ ವಿಸ್ತೀರ್ಣ, ಆಯತಘನದ ಘನಫಲ, ಸಿಲಿಂಡರಿನ ಘನಫಲ, ಶೇಕಡಾ, ಅನುಪಾತ. ಮಹಾರಾಷ್ಟ್ರದ ಬಾಲಭಾರತಿಯಾಗಲಿ, ಕೇರಳದ ಎಸ್‌.ಸಿ.ಇ.ಆರ್‌.ಟಿ.ಯಾಗಲಿ ಕನ್ನಡದಲ್ಲಿ ಅಚ್ಚು ಹಾಕುವ ಪಠ್ಯಪುಸ್ತಕಗಳಲ್ಲಿ ಹತ್ತನೆಯ ತರಗತಿಯೊಳಗೆ ಇವೆಲ್ಲ ಬಂದುಹೋಗುತ್ತವೆ.

ಒಂದು ಉದಾಹರಣೆ ನೋಡಿ. 10 ಮೀಟರ್ ಉದ್ದ, 8 ಮೀಟರ್ ಅಗಲದ ಛಾವಣಿಗೆ 125 ಮಿಲಿಮೀಟರ್ ದಪ್ಪದ ಸ್ಲ್ಯಾಬ್ ಎಂದರೆ 10 ಘನ ಮೀಟರ್ ಕಾಂಕ್ರೀಟು. ದಪ್ಪವನ್ನು 150 ಎಂದು ತಪ್ಪಾಗಿ ಓದಿದರೆ 12 ಘನ ಮೀಟರ್ ಆಗುತ್ತದೆ. ಒಂದು, ಎರಡು, ನಾಲ್ಕರ ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 6.3 ಚೀಲ ಸಿಮೆಂಟು ಬೇಕು. ಒಂದೇ ಒಂದು ಅಂಕಿಯಿಂದ ಹನ್ನೆರಡು ಹದಿಮೂರು ಚೀಲಗಳ ವ್ಯತ್ಯಾಸ ಬಂತು. ಈ ತಪ್ಪನ್ನು ತಪ್ಪಿಸುವುದು ಘನಫಲ ಎಂದರೇನೆಂದು ಮನಸ್ಸಿಗೆ ಇಳಿದಿರುವ ಮಗು. ಅದನ್ನು ಸೂತ್ರವಾಗಿ ಮಾತ್ರ ಕಂಠಪಾಠ ಮಾಡಿದ ಮಗುವಿಗೆ ಉತ್ತರ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಮನೆಯ ಭಾಷೆಯಲ್ಲಿ ಗಣಿತ ಕಲಿಸುವುದರ ಲಾಭ ಇದು. ಸಂದೇಹ ಬಂದಾಗ ಮಗು ಕೈಯೆತ್ತಿ ಕೇಳಬಲ್ಲದು.

ನಮ್ಮ ನಾಡಿಗೆ ಈ ಲೆಕ್ಕ ಹೊಸದೂ ಅಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ ಘನಫಲವೂ ಇಟ್ಟಿಗೆಗಳ ಲೆಕ್ಕವೂ ಇವೆ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಎಂಬ ಕೃತಿಗಳನ್ನು ರಚಿಸಿದ.

ಶಾಲೆಯ ಗಣಿತ ಒಂದೇ ಸಾಕು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ವೃತ್ತಿಗೆ ತನ್ನದೇ ನಿಯಮಗಳಿವೆ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಒಳಗೋಡೆಗಳ ಗಿಲಾವು 42 ಚದರ ಮೀಟರ್. ಬಾಗಿಲು 2.1, ಕಿಟಕಿ 1.8 ಚದರ ಮೀಟರ್ ಇದ್ದರೆ, ಅವನ್ನು ಕಳೆದು 38.1 ಎಂದು ಬರೆಯುವುದು ಶಾಲೆಯ ಉತ್ತರ. ಹೊರಮುಖದ ಗಿಲಾವಿನಲ್ಲೂ ಶಾಲೆಯ ಮಗು ಅವನ್ನು ಹಾಗೆಯೇ ಕಳೆಯುತ್ತದೆ. ಆದರೆ ಕಟ್ಟಡ ಕೆಲಸಗಳ ಅಳತೆಗೆಂದೇ ಇರುವ ಭಾರತೀಯ ಮಾನಕ ಐ.ಎಸ್. 1200ರ ಪ್ರಕಾರ, 0.5ರಿಂದ 3 ಚದರ ಮೀಟರ್ ಒಳಗಿನ ತೆರವುಗಳನ್ನು, ಗೋಡೆಯ ಎರಡೂ ಮುಖಗಳಿಗೆ ಒಂದೇ ಬಗೆಯ ಗಿಲಾವು ಇದ್ದಾಗ, ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಬಾಗಿಲು ಕಿಟಕಿಗಳ ಸಂದಿನ ಗಿಲಾವಿಗೆ ಬೇರೆ ಲೆಕ್ಕವಿಲ್ಲ. ತೆರವು 0.5ಕ್ಕಿಂತ ಚಿಕ್ಕದಾದರೆ ಕಳೆಯುವಂತೆಯೇ ಇಲ್ಲ. 3ಕ್ಕಿಂತ ದೊಡ್ಡದಾದರೆ ಎರಡೂ ಕಡೆ ಕಳೆದು, ಸಂದಿನ ಗಿಲಾವನ್ನು ಕೂಡಿಸಬೇಕು. ಇಂಥ ನಿಯಮಗಳನ್ನು ಯಾವ ಮಾಧ್ಯಮದ ಶಾಲೆಯೂ ಕಲಿಸುವುದಿಲ್ಲ. ಇಂಗ್ಲಿಷ್ ಮಾಧ್ಯಮದಿಂದ ಬಂದವರೂ ಕೆಲಸಕ್ಕೆ ಸೇರಿದ ಮೇಲೆ ಅಥವಾ ಡಿಪ್ಲೊಮಾದಲ್ಲಿ ಇವನ್ನು ಹೊಸದಾಗಿಯೇ ಕಲಿಯುತ್ತಾರೆ.

ಅಳತೆಯ ನಂತರ ದರದ ಕೆಲಸ. ಸರಕಾರಿ ಕೆಲಸವಾದರೆ ದರಪಟ್ಟಿ ಇರುತ್ತದೆ. ಖಾಸಗಿ ಕೆಲಸವಾದರೆ ಅಂಗಡಿ, ಕ್ರಷರ್, ಇಟ್ಟಿಗೆ ಭಟ್ಟಿ, ಮೇಸ್ತ್ರಿ ಎಲ್ಲರಿಂದ ದರ ಕೇಳಿ ತರಬೇಕು. ಕಾಸರಗೋಡಿನಲ್ಲಿ ಹೊಯ್ಗೆ ಎನ್ನುವುದನ್ನು ಸೊಲ್ಲಾಪುರದ ಕಡೆ ಉಸುಕು ಎನ್ನುತ್ತಾರೆ, ಮೈಸೂರು ಕಡೆಯವರಿಗೆ ಅದು ಮರಳು. 100 ಘನ ಅಡಿಗೆ ಸೊಲ್ಲಾಪುರದಲ್ಲಿ ಒಂದು ಬ್ರಾಸ್, ಹೊಸೂರಿನಲ್ಲಿ ಒಂದು ಯೂನಿಟ್. ಎರಡೂ 2.83 ಘನ ಮೀಟರ್. ಗಿಲಾವಿನ ಮಾತು ಬಂದಾಗ ಅದೇ ಬ್ರಾಸ್ 100 ಚದರ ಅಡಿಯಾಗುತ್ತದೆ. ಬೆಂಗಳೂರಿನವರು ಮನೆಯನ್ನು ಚದರದ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಚದರ ಎಂದರೆ 100 ಚದರ ಅಡಿ. ಲೋಡಿಗೆ ಇಷ್ಟು ಎಂದು ದರ ಹೇಳಿದವರಿಗೆ ಲೋಡು ಎಂದರೆ ಎಷ್ಟು ಘನ ಅಡಿ, ಸಾಗಣೆ ಸೇರಿದೆಯೇ, ಇಳಿಸುವ ಕೂಲಿ ಯಾರದು ಎಂದು ತಿರುಗಿ ಕೇಳಬೇಕು. ಹೀಗೆ ಕೇಳದ ಹೊಸಬರ ಅಂದಾಜುಪಟ್ಟಿ ಕಾಗದದ ಮೇಲೆ ಚೆಂದವಿದ್ದರೂ ಸೈಟಿನಲ್ಲಿ ನಿಲ್ಲುವುದಿಲ್ಲ.

ಗಡಿನಾಡಿನ ಮಗುವಿನ ಕೈಯಲ್ಲಿ ಬೇರೆಯವರಿಗಿಲ್ಲದ ಬಂಡವಾಳ ಇರುವುದು ಇಲ್ಲಿ. ಅಕ್ಕಲಕೋಟೆಯ ಹುಡುಗಿ ಕನ್ನಡದಲ್ಲಿ ಕಲಿತಿದ್ದಾಳೆ, ಮರಾಠಿ ಶಾಲೆಯಲ್ಲಿಯೂ ಬೀದಿಯಲ್ಲಿಯೂ ಬಂದಿದೆ, ಹಿಂದಿ ಗೊತ್ತು, ಇಂಗ್ಲಿಷ್ ಓದಬಲ್ಲಳು. ಸೊಲ್ಲಾಪುರದ ಅಂಗಡಿಯಲ್ಲಿಯೂ ಸುಮಾರು 100 ಕಿಲೋಮೀಟರ್ ಆಚೆಯ ವಿಜಯಪುರದ ಅಂಗಡಿಯಲ್ಲಿಯೂ ಅವಳು ದರ ಕೇಳಿ ಹೋಲಿಸಬಲ್ಲಳು. ಕಾಸರಗೋಡಿನ ಹುಡುಗನಿಗೆ ಮಂಗಳೂರು ಸುಮಾರು 50 ಕಿಲೋಮೀಟರ್. ಹೊಸೂರಿನವನಿಗೆ ಬೆಂಗಳೂರು 40. ಎರಡು ರಾಜ್ಯಗಳ ಮಾರುಕಟ್ಟೆಯಲ್ಲಿ ಮಾತಾಡಬಲ್ಲ ಕಿರಿಯ ನೌಕರರು ಯಾವ ಗುತ್ತಿಗೆದಾರರಿಗೂ ಬೇಕಾದವರೇ. ಕನ್ನಡವನ್ನು ಅರ್ಧದಲ್ಲಿ ಬಿಡಿಸಿದರೆ ಈ ಬಂಡವಾಳದ ಒಂದು ಪಾಲನ್ನು ನಾವೇ ಕಿತ್ತುಕೊಂಡಂತೆ.

ಇನ್ನು ಇಂಗ್ಲಿಷಿನ ಮಾತು. ಟೆಂಡರ್ ಕಾಗದ, ನಕ್ಷೆಯ ಮೇಲಿನ ಬರಹ, ಷರತ್ತುಗಳು, ಕಚೇರಿಯ ಪತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತವೆ. ಡಿಪ್ಲೊಮಾದ ಮೊದಲ ತಿಂಗಳುಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ತಡವರಿಸುವುದು ನಿಜ. ಗೊತ್ತಿರುವ ಲೆಕ್ಕವೇ ಗೊತ್ತಿಲ್ಲದ ಹೆಸರಿನಲ್ಲಿ ಬಂದಾಗ ಜಾಣ ಮಕ್ಕಳೂ ಬಾಯಿ ಮುಚ್ಚಿ ಕೂರುತ್ತಾರೆ. ಪಾಲಕರ ಭಯಕ್ಕೆ ಇಲ್ಲಿ ಆಧಾರವಿದೆ. ಆದರೆ ತಡವರಿಕೆಗೆ ಕಾರಣವಾಗುವುದು ಹೆಚ್ಚಾಗಿ ಪದಗಳು. ಪ್ಲಾನ್, ಸೆಕ್ಷನ್, ಎಲಿವೇಷನ್, ವಾಲ್ಯೂಮ್, ಏರಿಯಾ, ಡೆಪ್ತ್, ಥಿಕ್‌ನೆಸ್, ಪ್ಲಿಂತ್, ಲಿಂಟೆಲ್, ರೇಟ್ ಅನಾಲಿಸಿಸ್, ಇಂಥ ಇನ್ನೂರು ಮುನ್ನೂರು ಪದಗಳು ಪರಿಚಯವಾದರೆ ಮೊದಲ ಮೆಟ್ಟಿಲು ದಾಟಿದಂತೆ. ಇದಕ್ಕಾಗಿ ಮೂರು ವರ್ಷದ ಎಲ್ಲ ಪಾಠಗಳ ಭಾಷೆಯನ್ನು ಬದಲಿಸುವುದು ಬಾಗಿಲಿನ ಕೀಲು ಕಿರುಗುಟ್ಟಿತೆಂದು ಗೋಡೆ ಕೆಡವಿದ ಹಾಗೆ.

ಆದ್ದರಿಂದ ಶಾಲೆ ಬಿಡಿಸುವ ಬದಲು ನಾವು ಶಾಲೆಯನ್ನು ಕೇಳಬೇಕಾದದ್ದು ಇಷ್ಟು. ಎಂಟನೆಯ ತರಗತಿಯಿಂದ ಗಣಿತ ಮತ್ತು ವಿಜ್ಞಾನದ ಪ್ರತಿ ಪಾರಿಭಾಷಿಕ ಪದದ ಎದುರಿಗೆ ಇಂಗ್ಲಿಷ್ ಪದವನ್ನೂ ಮಕ್ಕಳಿಂದ ಬರೆಸಿ. ಘನಫಲದ ಪಾಠವನ್ನು ಶಾಲೆಯ ಕಟ್ಟಡದ ಮೇಲೆಯೇ ಮಾಡಿಸಿ. ಟೇಪು ಹಿಡಿದು ತರಗತಿಯ ಗೋಡೆ ಅಳೆದು, ಬಣ್ಣಕ್ಕೆ ಎಷ್ಟು ಚದರ ಮೀಟರ್ ಎಂದು ಮಕ್ಕಳೇ ಹೇಳಲಿ. ವಾರಕ್ಕೊಂದು ತಾಸು ಇಂಗ್ಲಿಷಿನಲ್ಲಿರುವ ಲೆಕ್ಕವನ್ನು ಓದಿ ಅರ್ಥ ಹೇಳುವ ಅಭ್ಯಾಸ ಇರಲಿ. ಇವಕ್ಕೆ ಸರಕಾರದ ಆದೇಶವೂ ಬೇಡ, ಅನುದಾನವೂ ಬೇಡ. ಪಾಲಕರ ಸಭೆಯಲ್ಲಿ ನಾಲ್ಕು ಜನ ಎದ್ದು ಕೇಳಿದರೆ ಸಾಕು.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ನಮ್ಮಲ್ಲಿ ಅನೇಕ ಮನೆಗಳಲ್ಲಿ ಅಪ್ಪನೋ ಮಾವನೋ ಗಾರೆ ಕೆಲಸ, ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸ ಮಾಡುತ್ತಾರೆ. ಮಕ್ಕಳನ್ನು ಆ ಕೆಲಸದಿಂದ ದೂರ ಇಡಬೇಕೆಂಬ ಆಸೆಯಲ್ಲಿ ಅದರ ಮಾತನ್ನೂ ಅವರಿಂದ ದೂರ ಇಡುತ್ತೇವೆ. ಹಾಗೆ ಮಾಡಬೇಡಿ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 12 ಮಿಲಿಮೀಟರಿನ ಕಂಬಿ ಮೀಟರಿಗೆ 0.89 ಕಿಲೋ. ಅಪ್ಪನಿಗೆ ಕೈಯಲ್ಲಿ ಗೊತ್ತಿರುವ ತೂಕವನ್ನು ಮಗಳು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಲಿ. ಇಂಥ ಮನೆಯಿಂದ ಬಂದವರು ನಕ್ಷೆಯ ಗೆರೆಯ ಹಿಂದೆ ಇರುವ ಕೆಲಸವನ್ನು ಕಾಣುತ್ತಾರೆ. ಹೆಚ್ಚಿನ ಹೊತ್ತು ಕಚೇರಿಯಲ್ಲಿಯೇ ನಡೆಯುವ ಈ ಉದ್ಯೋಗ ಹೆಣ್ಣುಮಕ್ಕಳಿಗೂ ಒಗ್ಗುತ್ತದೆ.

ದಾರಿಯ ಬಗ್ಗೆ ಎರಡು ಮಾತು. ಹತ್ತನೆಯ ತರಗತಿಯ ನಂತರ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವರು ಬಿ.ಇ.ಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಐ.ಟಿ.ಐ.ಯಲ್ಲಿ ಎರಡು ವರ್ಷದ ಸಿವಿಲ್ ಡ್ರಾಫ್ಟ್ಸ್‌ಮನ್ ತರಬೇತಿಯಿಂದಲೂ ಈ ಮೇಜಿಗೆ ಬರಬಹುದು. ಎ.ಐ.ಸಿ.ಟಿ.ಇ. ತಾಂತ್ರಿಕ ಪಠ್ಯಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇ-ಕುಂಭ್ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಅದನ್ನೂ ಇಟ್ಟುಕೊಂಡು ಓದಲಿ. ಪಿ.ಯು. ನಂತರ ಎಂಜಿನಿಯರಿಂಗ್ ಪದವಿಗೆ ಹೋಗುವವರಿಗೆ ಕರ್ನಾಟಕದ ಸಿ.ಇ.ಟಿ. ನಿಯಮಗಳಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರೆಂಬ ಅವಕಾಶವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವುದು ಅದರ ಮುಖ್ಯ ಆಧಾರ. ಆಯಾ ವರ್ಷದ ಕೈಪಿಡಿಯನ್ನು ತರಿಸಿ, ಯಾವ ಪ್ರಮಾಣಪತ್ರ ಬೇಕೆಂದು ಮೊದಲೇ ನೋಡಿಕೊಳ್ಳಿ. ಕನ್ನಡ ಶಾಲೆಯ ದಾಖಲೆಗಳನ್ನು ಜೋಪಾನವಾಗಿಡಿ.

ಮೊದಲ ಸಂಬಳ ದೊಡ್ಡದಿರುವುದಿಲ್ಲ. ಎರಡು ವರ್ಷ ಅಳತೆ ಇಳಿಸುವುದು, ದರ ಕೇಳುವುದು, ಹಿರಿಯರು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ಮತ್ತೆ ಬರೆಯುವುದು, ಇದೇ ಇರುತ್ತದೆ. ಆ ಎರಡು ವರ್ಷ ನಿಂತವರಿಗೆ ಕೆಲಸ ಕೈಗೆ ಹತ್ತುತ್ತದೆ. ಅವರನ್ನು ನಿಲ್ಲಿಸುವುದು ತಾಳ್ಮೆ, ಲೆಕ್ಕದ ಸ್ಪಷ್ಟತೆ, ಗೊತ್ತಿಲ್ಲದ್ದನ್ನು ಕೇಳುವ ಧೈರ್ಯ. ಈ ಮೂರನ್ನೂ ಬೆಳೆಸುವ ಶಕ್ತಿ ನಮ್ಮ ಕನ್ನಡ ಶಾಲೆಗಳಿಗೆ ಇದೆ. ಜೂನ್ ತಿಂಗಳಲ್ಲಿ ವರ್ಗಾವಣೆ ಪತ್ರ ಕೇಳಲು ಹೋಗುವ ಮೊದಲು ಒಮ್ಮೆ ಗಣಿತದ ಮೇಷ್ಟ್ರ ಬಳಿ ಕುಳಿತು, ಈ ವರ್ಷದಿಂದ ಕನ್ನಡ ಪದದ ಎದುರು ಇಂಗ್ಲಿಷ್ ಪದ ಬರೆಸುತ್ತೀರಾ ಎಂದು ಕೇಳಿ ಬನ್ನಿ.