ಗುರುತಿಲ್ಲದವರೆಲ್ಲಾ ಕಳ್ಳರೇನ್ರಿ?

ಇಳಕಲ್ಲಿನ ಸೀರೆ ಅಂಗಡಿಗೆ ಕನ್ನಡದಲ್ಲಿ ಬಿಲ್ ಕೊಡುವ ಸಣ್ಣದೊಂದು ಸಾಫ್ಟ್‌ವೇರ್ ಬರೆದಿದ್ದೀರಿ ಅಂದುಕೊಳ್ಳಿ. ಅಥವಾ ಹುನಗುಂದದ ಪತ್ತಿನ ಸಂಘಕ್ಕೆ ಸಾಲದ ಲೆಕ್ಕ, ಬಾದಾಮಿಯ ಲಾಡ್ಜಿಗೆ ರೂಮಿನ ಲೆಕ್ಕ. ಒಂದಿನ ಗಿರಾಕಿ ಫೋನ್ ಮಾಡ್ತಾರೆ: "ಏನ್ರೀ ಸರ, ನಿಮ್ಮ ಸಾಫ್ಟ್‌ವೇರ್‌ನಾಗ ವೈರಸ್ ಐತಂತಲ್ಲ?" ನೀವು ಒಂದಕ್ಷರವನ್ನೂ ಬದಲಾಯಿಸಿಲ್ಲ. ರಾತ್ರೋರಾತ್ರಿ ಬದಲಾದದ್ದು ಆಂಟಿವೈರಸ್‌ನ ಪಟ್ಟಿ. ತಪ್ಪು ಅದರದು, ಮಾನ ಹೋಗೋದು ನಿಮ್ಮದು.

ಇದನ್ನು 'ಫಾಲ್ಸ್ ಪಾಸಿಟಿವ್' ಅಂತಾರೆ. ದೊಡ್ಡವರನ್ನೂ ಇದು ಬಿಟ್ಟಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫೀಯ ಅಪ್‌ಡೇಟ್ ಒಂದು ವಿಂಡೋಸ್ ಎಕ್ಸ್‌ಪಿಯ 'ಎಸ್‌ವಿಸಿಹೋಸ್ಟ್' ಫೈಲನ್ನೇ ವೈರಸ್ ಅಂದುಬಿಟ್ಟಿತು. ಕಂಪ್ಯೂಟರುಗಳು ತಾವೇ ಆಫ್ ಆಗಿ ಆನ್ ಆಗೋದೇ ಕೆಲಸವಾಯ್ತು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟರನ್ನು ಹಿಡಿದುಹಾಕಿತು! ಆದರೆ ವಿಂಡೋಸಿನ ಫೈಲಿಗೆ ಕೈ ಹಾಕಿದರೆ ಅದೇ ದಿನ ಪರಿಹಾರ, ಮೇಲೊಂದು ಕ್ಷಮೆ. ಬಾಗಲಕೋಟೆ ನವನಗರದ ಬಾಡಿಗೆ ರೂಮಿನಲ್ಲಿ ಕೋಡ್ ಬರೆಯೋ ಹುಡುಗನಿಗೆ? ಒಂದು ಫಾರ್ಮ್ ತುಂಬು, ಕಾಯ್ತಾ ಕೂರು. ವೈರಸ್‌ಟೋಟಲ್‌ನಲ್ಲಿ ಹತ್ತಾರು ಆಂಟಿವೈರಸ್ ಎಂಜಿನ್‌ಗಳಿವೆ. ಎಷ್ಟು ಎಂಜಿನ್‌ಗಳು ಕೆಂಪು ತೋರಿಸುತ್ತವೋ ಅಷ್ಟು ಕಂಪನಿಗಳ ಬಾಗಿಲು ಬಡಿಯಬೇಕು.

ಅಸಲಿ ರೋಗ ಇನ್ನೂ ಆಳದಲ್ಲಿದೆ. ಇವತ್ತಿನ ಭದ್ರತಾ ಸಾಫ್ಟ್‌ವೇರ್ ಫೈಲಿನ ಒಳಗೆ ಏನಿದೆ ಅಂತಷ್ಟೇ ನೋಡಲ್ಲ, ಎಷ್ಟು ಜನ ಬಳಸ್ತಾರೆ ಅಂತಲೂ ನೋಡುತ್ತೆ. ಹೊಸದು, ಬಳಸೋರು ಕಡಿಮೆ ಅಂದ್ರೆ ಅನುಮಾನ. ನಲವತ್ತು ಅಂಗಡಿಗಳಿಗೆ ಅಂತ ಮಾಡಿದ ಕನ್ನಡದ ಸಾಫ್ಟ್‌ವೇರ್ ಲಕ್ಷ ಡೌನ್‌ಲೋಡ್ ಎಲ್ಲಿಂದ ತರಬೇಕು? ಇನ್ನು ಕನ್ನಡ ಟೈಪಿಂಗ್ ಟೂಲ್ ಬರೆಯೋರ ಪಾಡು ಕೇಳಿ. ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಕನ್ನಡ ಅಕ್ಷರ ಮಾಡೋದೇ ಅದರ ಕೆಲಸ. ಪಾಸ್‌ವರ್ಡ್ ಕದಿಯೋ ಕೀಲಾಗರ್ ಕೂಡ ಕೀಲಿಯನ್ನು ಹಾಗೇ ಹಿಡಿಯುತ್ತೆ. ಬರೀ ಲಕ್ಷಣ ನೋಡಿ ತೀರ್ಪು ಕೊಡೋನಿಗೆ ಎರಡೂ ಒಂದೇ.

"ಕೋಡ್ ಸೈನಿಂಗ್ ಸರ್ಟಿಫಿಕೇಟ್ ತಗೊಳ್ಳಿ" ಅಂತ ಸಲಹೆ ಬರುತ್ತೆ. ಅದು ದುಡ್ಡು ಕೊಟ್ಟು ತಗೊಂಡು, ಅವಧಿ ಮುಗಿದಾಗ ಮತ್ತೆ ದುಡ್ಡು ಕೊಡಬೇಕಾದ ಬಾಬ್ತು. 2023ರ ಜೂನ್‌ನಿಂದ ಅದರ ಕೀಯನ್ನು ಹಾರ್ಡ್‌ವೇರ್ ಟೋಕನ್‌ನಂಥ ಸಾಧನದಲ್ಲೇ ಇಡಬೇಕು. ಇಷ್ಟಾದರೂ ಮುಂದೆ ಹಿಡಿಯಲ್ಲ ಅನ್ನೋ ಗ್ಯಾರಂಟಿ ಇಲ್ಲ. ಸಹಿ ಹೇಳೋದು ಫೈಲ್ ಯಾರದು ಅಂತ ಮಾತ್ರ, ಒಳ್ಳೇದೋ ಕೆಟ್ಟದ್ದೋ ಅಂತಲ್ಲ.

ವೈರಸ್ ಸುಳ್ಳು ಅಂತ ಯಾರೂ ಹೇಳ್ತಿಲ್ಲ. ಕಾವಲು ಬೇಕೇ ಬೇಕು. ಆದರೆ ಸುಳ್ಳು ಕೂಗು ಜಾಸ್ತಿಯಾದ್ರೆ ಏನಾಗುತ್ತೆ? ಅಂಗಡಿಯವರು ಬೇಸತ್ತು ಆಂಟಿವೈರಸ್ಸನ್ನೇ ಆಫ್ ಮಾಡ್ತಾರೆ. ಆಗ ನಿಜವಾದ ಕಳ್ಳನಿಗೆ ಬಾಗಿಲು ತೆರೆದ ಹಾಗೇ.

ಕೇಳ್ತಿರೋದು ದೊಡ್ಡದೇನಲ್ಲ. ಗೊತ್ತಿಲ್ಲದ ಫೈಲಿಗೆ 'ಅಪರಿಚಿತ' ಅನ್ನಿ, 'ಅಪಾಯ' ಅನ್ನಬೇಡಿ. ಕೇಳದೇ ಅಳಿಸಬೇಡಿ. ಯಾಕೆ ಹಿಡಿದಿರಿ ಅಂತ ಹೇಳಿ. ದೂರು ಕೊಟ್ಟರೆ ಇಂತಿಷ್ಟು ದಿನದೊಳಗೆ ಮನುಷ್ಯರೊಬ್ಬರು ಉತ್ತರ ಕೊಡಲಿ.

ನಮ್ಮ ಕೈಲೂ ಒಂದು ಕೆಲಸ ಇದೆ. ಪರಿಚಯದ ಡೆವಲಪರ್ ಮಾಡಿದ ಸಾಫ್ಟ್‌ವೇರಿಗೆ ಕೆಂಪು ಪರದೆ ಬಂದರೆ ತಕ್ಷಣ ಕಿತ್ತೆಸೆಯಬೇಡಿ, ಕಣ್ಣುಮುಚ್ಚಿ ರನ್ ಕೂಡ ಮಾಡಬೇಡಿ. ಮೊದಲು ಅವರನ್ನು ಕೇಳಿ. ತಪ್ಪು ಗುರುತು ಅಂತ ಖಾತ್ರಿಯಾದರೆ ಆಂಟಿವೈರಸ್ ಕಂಪನಿಗೆ ನೀವೇ ದೂರು ಕೊಡಿ. ಡೆವಲಪರ್ ಒಬ್ಬನ ದನಿಗಿಂತ ದುಡ್ಡು ಕೊಟ್ಟ ಗಿರಾಕಿಯ ದನಿ ಅವರಿಗೆ ಬೇಗ ಕೇಳಿಸುತ್ತೆ.